ನ್ಯಾಸವೂ ನ್ಯಾಯವಾದಿಯೂ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಲಾಗಿದೆ. ಅವುಗಳಲ್ಲಿ ಕೂಟಲೇಖಕ್ರಿಯೆ ಒಂದು, ನ್ಯಾಸಾಪಹಾರ ಇನ್ನೊಂದು. ಸುಳ್ಳು ಪತ್ರವನ್ನು ಸೃಷ್ಟಿಸುವುದು ದೋಷವೆಂಬುದು ಯಾರಿಗಾದರೂ ತಿಳಿಯುತ್ತದೆ. ನ್ಯಾಸಾಪಹಾರ ಅದಕ್ಕಿಂತ ಸೂಕ್ಷ್ಮವಾದದ್ದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿರುವಂತೆ, ಒಬ್ಬನು ಮತ್ತೊಬ್ಬನ ಬಳಿ ಹೊನ್ನನ್ನು ಇರಿಸಿ, ಎಷ್ಟು ಇರಿಸಿದ್ದನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಹೌದು ಅಷ್ಟೇ ಎಂದು ಒಪ್ಪಿಬಿಡುವುದೇ ನ್ಯಾಸಾಪಹಾರ. ಇಲ್ಲಿ ಕನ್ನ ಕೊರೆದವರಿಲ್ಲ, ಬೀಗ ಮುರಿದವರಿಲ್ಲ. ಒಬ್ಬನ ಮರೆವು ಮತ್ತು ಇನ್ನೊಬ್ಬನ ಅನುಕೂಲದ ಸಮ್ಮತಿ, ಇವೆರಡೇ ಸಾಕಾಗಿವೆ. ಆದ್ದರಿಂದಲೇ ಆಚಾರ್ಯರು ಇದನ್ನು ಅಚೌರ್ಯದ ಕೆಳಗಿಡದೆ ಸತ್ಯದ ಕೆಳಗಿಟ್ಟರು.

ಇಂದು ಬಸದಿಯ ದತ್ತಿಗೂ ಕುಟುಂಬದ ಟ್ರಸ್ಟಿಗೂ ಇದೇ ನ್ಯಾಸವೆಂಬ ಹೆಸರು ಸಂದಿದೆ. ಇಟ್ಟವನು ಪರಲೋಕಕ್ಕೆ ಸಂದಿದ್ದಾನೆ; ಎಷ್ಟು ಇಟ್ಟನು, ಯಾವ ಉದ್ದೇಶಕ್ಕೆ ಇಟ್ಟನು ಎಂಬುದನ್ನು ನೆನಪಿಸಲು ಅವನು ಮರಳಿ ಬರಲಾರನು. ಅವನ ಪರವಾಗಿ ಮಾತನಾಡಬಲ್ಲದ್ದು ಅವನು ಬರೆಸಿಟ್ಟ ಪತ್ರವೊಂದೇ. ಆ ಪತ್ರ ಇಲ್ಲದಿದ್ದರೆ, ಅಥವಾ ಇದ್ದೂ ಅಸ್ಪಷ್ಟವಾಗಿದ್ದರೆ, ನ್ಯಾಸಾಪಹಾರಕ್ಕೆ ಬಾಗಿಲು ತೆರೆದಿಟ್ಟವನು ಇಟ್ಟುಕೊಂಡವನಷ್ಟೇ ಅಲ್ಲ, ಇಟ್ಟವನೂ ಹೌದು. ಹೀಗಿರುವಾಗ ಆಸ್ತಿಯುಳ್ಳ ಶ್ರಾವಕನು ಸಕಾಲದಲ್ಲಿ ಬಲ್ಲ ನ್ಯಾಯವಾದಿಯೊಬ್ಬನನ್ನು ಗೊತ್ತುಮಾಡಿಕೊಳ್ಳುವುದು ಲೌಕಿಕ ಚಾತುರ್ಯವೆಂಬ ಭಾವನೆ ತಪ್ಪು. ಅದು ಅಣುವ್ರತದ ಪಾಲನೆಗೆ ಸೇರಿದ ಕರ್ತವ್ಯ. ಈ ಕರ್ತವ್ಯಕ್ಕೆ ಸಮಾಜದಲ್ಲಿ ಮೂರು ನೆಪಗಳನ್ನು ಒಡ್ಡಲಾಗುತ್ತಿದೆ. ಮೂರೂ ಪರೀಕ್ಷೆಗೆ ನಿಲ್ಲುವುದಿಲ್ಲ.

ಮೊದಲನೆಯ ನೆಪ ಅಪಶಕುನದ್ದು. ಬದುಕಿರುವಾಗಲೇ ಮರಣಶಾಸನ ಬರೆಸುವುದು ಅಮಂಗಳವೆಂದು ಮನೆಯ ಹಿರಿಯರೇ ಹೇಳುತ್ತಾರೆ. ಈ ಮಾತು ಬೇರೆಯವರ ಬಾಯಲ್ಲಿ ಬಂದರೆ ಸಹಿಸಬಹುದು. ದ್ವಾದಶಾನುಪ್ರೇಕ್ಷೆಗಳಲ್ಲಿ ಅನಿತ್ಯಾನುಪ್ರೇಕ್ಷೆಯನ್ನು ಮೊದಲಿಗೆ ಇಟ್ಟ ಧರ್ಮದವರು, ಸಮಾಧಿಮರಣವನ್ನು ಜೀವಿತದ ಸಾರ್ಥಕ್ಯವೆಂದು ತಿಳಿದವರು, ಚಂದ್ರಗಿರಿಯ ಬಂಡೆಗಳ ಮೇಲೆ ಸಲ್ಲೇಖನದ ಅನೇಕ ಶಾಸನಗಳನ್ನು ಕಂಡು ಕೈಮುಗಿದವರು ಮರಣದ ಹೆಸರನ್ನು ಕಾಗದದ ಮೇಲೆ ಬರೆಯಲು ಅಂಜುವುದು ವಿಚಿತ್ರ. ದೇಹದ ಮಮಕಾರವನ್ನು ಬಿಡಬೇಕೆಂದು ಪ್ರವಚನ ಕೇಳಿ ತಲೆದೂಗಿದವನು ಬೀರುವಿನ ಕೀಲಿಕೈಯ ಮಮಕಾರವನ್ನು ಬಿಡಲಾರದಿದ್ದರೆ, ಅದಕ್ಕೆ ಶಕುನದ ಹೆಸರು ಹಚ್ಚುವುದು ಸಲ್ಲದು.

ಎರಡನೆಯ ನೆಪ ಬಾಯಿಮಾತಿನದು. ಜೈನರಲ್ಲಿ ಮಾತೇ ಪತ್ರ, ಹಿರಿಯರು ಕಾಗದವಿಲ್ಲದೆ ಕೋಟಿಗಳ ವ್ಯವಹಾರ ಮಾಡಿದರು ಎಂಬುದು ಹೆಮ್ಮೆಯ ಮಾತು. ಆದರೆ ಹಿರಿಯರು ದತ್ತಿಯ ವಿಷಯದಲ್ಲಿ ಬಾಯಿಮಾತನ್ನು ಎಂದೂ ನಂಬಲಿಲ್ಲ. ಕಲ್ಲಿನಲ್ಲಿ ಕೆತ್ತಿಸಿದರು, ನೆಲದ ನಾಲ್ಕೂ ದಿಕ್ಕಿನ ಎಲ್ಲೆಗಳನ್ನು ಹೇಳಿಸಿದರು, ಅಳಿಪಿದವರಿಗೆ ಶಾಪಾಶಯವನ್ನೂ ಬರೆಸಿದರು. ಶ್ರವಣಬೆಳಗೊಳದಲ್ಲಿರುವ 1368ರ ಬುಕ್ಕರಾಯನ ಶಾಸನವನ್ನು ಮತಸೌಹಾರ್ದದ ದಾಖಲೆಯೆಂದು ಎಲ್ಲರೂ ಕೊಂಡಾಡುತ್ತಾರೆ. ಅದನ್ನು ದತ್ತಿಪತ್ರವಾಗಿ ಓದಿದವರು ವಿರಳ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ, ಅದನ್ನು ಎತ್ತುವವರು ಯಾರು, ಆ ಹಣದಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರು, ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ದುರಸ್ತಿಯ ಕೆಲಸ, ಕಟ್ಟಳೆ ಮೀರಿದವನು ಯಾರಿಗೆಲ್ಲ ದ್ರೋಹಿ ಎಂಬಷ್ಟನ್ನೂ ಅದು ಹೇಳುತ್ತದೆ. ಉಳಿಕೆ ಹಣ ಎಲ್ಲಿಗೆ ಹೋಗಬೇಕೆಂಬುದನ್ನು ಆರೂವರೆ ಶತಮಾನಗಳ ಹಿಂದೆ ಕಲ್ಲಿನ ಮೇಲೆ ಹೇಳಲಾಗಿದೆ. ಇಂದಿನ ಎಷ್ಟು ನ್ಯಾಸಪತ್ರಗಳು ಅದನ್ನು ಹೇಳುತ್ತವೆ?

ಮೂರನೆಯ ನೆಪ ವೆಚ್ಚದ್ದು. ವಕೀಲನನ್ನು ಮನೆಗೆ ಕರೆದರೆ ಜಗಳವನ್ನು ಕರೆದಂತೆ, ಅವನ ಶುಲ್ಕವೂ ದಂಡ ಎನ್ನುತ್ತಾರೆ. ಇದೇ ಜನ ತಂದೆ ತೀರಿದ ಮೇಲೆ ಅಣ್ಣತಮ್ಮಂದಿರು ಎರಡು ಪಕ್ಷವಾದಾಗ, ಆಸ್ತಿಯ ಕಾಲುಭಾಗ ಕರಗುವವರೆಗೂ ವಾಯಿದೆಯಿಂದ ವಾಯಿದೆಗೆ ಹಣ ಸುರಿಯುತ್ತಾರೆ. ಜಗಳವಾದ ಮೇಲೆ ಲಕ್ಷ ಕೊಡಬಲ್ಲವರಿಗೆ ಜಗಳವಾಗದಂತೆ ಬರೆದುಕೊಡುವವನಿಗೆ ಸಾವಿರ ಕೊಡುವುದು ಭಾರವಾಗುತ್ತದೆ. ಹಾಗಾಗಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಯಾರದೋ ಹಳೆಯ ಪತ್ರವನ್ನು ನಕಲು ಮಾಡಿ, ಹೆಸರು ಬದಲಿಸಿ ಕೆಲಸ ಮುಗಿಸುತ್ತಾರೆ. ಪ್ರಮತ್ತಯೋಗದಿಂದ ಪ್ರಾಣಕ್ಕೆ ಒದಗುವ ಬಾಧೆಯೇ ಹಿಂಸೆಯೆಂದು ಸೂತ್ರವು ಹೇಳುತ್ತದೆ. ಎಚ್ಚರಗೇಡಿ ಪತ್ರವೊಂದು ಒಡಹುಟ್ಟಿದವರನ್ನು ಇಪ್ಪತ್ತು ವರ್ಷ ವೈರಿಗಳನ್ನಾಗಿಸಿದರೆ, ಅದನ್ನು ಬೇರೆ ಯಾವ ಹೆಸರಿನಿಂದ ಕರೆಯಬೇಕು?

ಎಚ್ಚರಗೇಡಿತನ ಎಲ್ಲೆಲ್ಲಿ ಅಡಗಿರುತ್ತದೆಂಬುದನ್ನು ನೋಡಬೇಕು. ಉತ್ತರಾಧಿಕಾರದ ವಿಷಯದಲ್ಲಿ ಜೈನರಿಗೆ ಅನ್ವಯಿಸುವುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ. 2014ರಲ್ಲಿ ಕೇಂದ್ರ ಸರ್ಕಾರ ಜೈನರನ್ನು ಅಲ್ಪಸಂಖ್ಯಾತರೆಂದು ಅಧಿಸೂಚಿಸಿದ ಮಾತ್ರಕ್ಕೆ ಇದು ಬದಲಾಗಲಿಲ್ಲ. ಪುರುಷನು ಉಯಿಲಿಲ್ಲದೆ ತೀರಿಕೊಂಡರೆ ಪತ್ನಿ, ಪುತ್ರರು, ಪುತ್ರಿಯರು ಮತ್ತು ತಾಯಿ ಸಮಪಾಲಿಗೆ ಹಕ್ಕುದಾರರು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಂತೆಯೇ ಜನ್ಮತಃ ಹಕ್ಕನ್ನು 2005ರ ತಿದ್ದುಪಡಿ ಕೊಟ್ಟಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆದರೂ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು, ಏನೆಂದು ಓದಿ ಹೇಳದೆ ಹಕ್ಕು ಬಿಡುಗಡೆ ಪತ್ರಕ್ಕೆ ಹೆಣ್ಣುಮಕ್ಕಳ ರುಜು ಪಡೆಯುವ ರೂಢಿ ನಿಂತಿಲ್ಲ. ಮಗಳ ಅಜ್ಞಾನವನ್ನು ಆಧಾರವಾಗಿ ಪಡೆದ ಆ ರುಜು, ಇಟ್ಟ ಹೊನ್ನನ್ನು ಮರೆತವನಿಂದ ಪಡೆದ ಸಮ್ಮತಿಗಿಂತ ಭಿನ್ನವಲ್ಲ.

ಮಕ್ಕಳಿಲ್ಲದ ವಿಧವೆಯೊಬ್ಬಳು ತಾನು ದುಡಿದು ಕಟ್ಟಿದ ಮನೆಯನ್ನು ಬಸದಿಗೆ ಕೊಡುವೆನೆಂದು ಹತ್ತು ಜನರ ಮುಂದೆ ಹೇಳಿದ್ದಾಳೆಂದು ಭಾವಿಸೋಣ. ಕೊಡುವೆನೆಂಬ ಮಾತು ದಾನವಾಗುವುದಿಲ್ಲ. ಅವಳು ಉಯಿಲಿಲ್ಲದೆ ತೀರಿದರೆ ಕಾಯಿದೆಯಂತೆ ಆ ಮನೆ ಗಂಡನ ವಾರಸುದಾರರಿಗೆ ಹೋಗುತ್ತದೆ. ಅವರು ಅವಳನ್ನು ಕಷ್ಟಕಾಲದಲ್ಲಿ ವಿಚಾರಿಸಿದವರಾಗಿರಲಿ, ಇಲ್ಲದಿರಲಿ. ಬರೆಸಿದರೂ ಬಸದಿಗೆ ಎಂದಷ್ಟೇ ಬರೆಸಿದರೆ ಸಾಲದು. ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿಗಳಿವೆ. ಯಾವ ಬಸದಿಗೆ, ನಿತ್ಯಪೂಜೆಗೋ ಶಾಸ್ತ್ರದಾನಕ್ಕೋ, ಮನೆಯನ್ನು ಮಾರಬಹುದೋ ಬಾಡಿಗೆಗಷ್ಟೇ ಕೊಡಬೇಕೋ ಎಂದು ಕೇಳುವವನು ಬೇಕು. ಷೇರುಗಳಿಗೆ ನಾಮಿನಿಯಾದವನೇ ಒಡೆಯನೆಂಬ ಭ್ರಮೆಯನ್ನೂ ಬಿಡಬೇಕು. ನಾಮಿನಿ ಒಡೆಯನಲ್ಲವೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ.

ತುಳುನಾಡಿನ ಜೈನ ಕುಟುಂಬಗಳ ಪ್ರಶ್ನೆ ಇನ್ನೂ ಜಟಿಲ. ಅಳಿಯಸಂತಾನದ ಕುಟುಂಬಗಳ ವಿಭಾಗಕ್ಕೆ 1949ರ ಮದರಾಸು ಕಾಯಿದೆ ಕವರುಗಳನ್ನು ಆಧಾರವಾಗಿಸಿತು. ಸಂತತಿಯುಳ್ಳ ಕವರು ಇರುವಲ್ಲಿ ನಿಸ್ಸಂತತಿ ಕವರಿಗೆ ಜೀವಿತಾವಧಿಯ ಹಕ್ಕನ್ನಷ್ಟೇ ಕೊಟ್ಟಿತು. 1956ರ ಕಾಯಿದೆ ಸದಸ್ಯನ ಅವಿಭಕ್ತ ಹಿತವನ್ನು ತನ್ನ ವ್ಯಾಪ್ತಿಗೆ ತಂದು, ಅದರ ಬಗ್ಗೆ ಉಯಿಲು ಬರೆಯುವ ಅಧಿಕಾರವನ್ನೂ ಕೊಟ್ಟಿತು. ಯಾವ ಭೂಮಿ ಯಾವ ವರ್ಷದ ವಿಭಾಗದಲ್ಲಿ, ಯಾವ ಹಕ್ಕಿನಿಂದ ಕೈಗೆ ಬಂದಿದೆಯೆಂಬುದನ್ನು ನೋಡದೆ ಪಹಣಿಯಲ್ಲಿರುವ ಹೆಸರನ್ನು ಮಾತ್ರ ನಂಬಿ ಬರೆದ ಉಯಿಲು ಎಷ್ಟು ದಿನ ನಿಂತೀತು?

ಬಸದಿಯ ಧರ್ಮದರ್ಶಿಗಳ ಹೊಣೆ ಇದಕ್ಕಿಂತ ಹಿರಿದು. ಜಿನೇಶ್ವರನು ವೀತರಾಗ, ಅವನಿಗೆ ಪರಿಗ್ರಹವಿಲ್ಲ. ಅವನ ಹೆಸರಿನಲ್ಲಿರುವ ಹೊಲ, ಕಟ್ಟಡ, ಠೇವಣಿಗಳ ಪಾಪಪುಣ್ಯವೆಲ್ಲ ಅವುಗಳನ್ನು ಕೈಯಲ್ಲಿ ಹಿಡಿದವರದು. ಹಾಗಿದ್ದೂ ಅನೇಕ ನ್ಯಾಸಪತ್ರಗಳನ್ನು 1882ರ ಭಾರತೀಯ ನ್ಯಾಸ ಕಾಯಿದೆಯ ಮಾದರಿಯಲ್ಲಿ ಬರೆಯಲಾಗಿದೆ. ಆ ಕಾಯಿದೆ ಖಾಸಗಿ ನ್ಯಾಸಗಳಿಗೆ ಸಂಬಂಧಿಸಿದ್ದು. ಧಾರ್ಮಿಕ ದತ್ತಿಗಳನ್ನು ಅದರ ಮೊದಲನೆಯ ಕಲಮೇ ಹೊರಗಿಟ್ಟಿದೆ. ಧರ್ಮದರ್ಶಿಯ ಅವಧಿ ಎಷ್ಟು, ತೆರವಾದ ಸ್ಥಾನಕ್ಕೆ ಯಾರು, ಲೆಕ್ಕವನ್ನು ಯಾರ ಮುಂದೆ ಓದಬೇಕು, ಧರ್ಮದರ್ಶಿಯ ಬಂಧುವಿಗೆ ಬಸದಿಯ ಅಂಗಡಿಯನ್ನು ಬಾಡಿಗೆಗೆ ಕೊಡಬಹುದೇ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ ಪತ್ರವು ಮೌನದಿಂದಲೇ ಒಂದು ಮನೆತನಕ್ಕೆ ಒಡೆತನವನ್ನು ಬರೆದುಕೊಡುತ್ತದೆ. ಕೇಳುವವರಿಲ್ಲವೆಂಬ ಭರವಸೆಯೂ ಹುಸಿ. ಸಾರ್ವಜನಿಕ ನ್ಯಾಸದಲ್ಲಿ ಆಸಕ್ತಿಯುಳ್ಳ ಇಬ್ಬರು ಭಕ್ತರು ನ್ಯಾಯಾಲಯದ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಂ ಅನ್ವಯ ದಾವೆ ಹೂಡಬಹುದು. ದಾನಿಯ ಉದ್ದೇಶದ ಪಾವಿತ್ರ್ಯವನ್ನು ದೇಶದ ಅತ್ಯುನ್ನತ ನ್ಯಾಯಾಲಯವೂ ಮನ್ನಿಸಿದೆ. ಗುಜರಾತಿನ ಜೈನ ದೇರಾಸರವೊಂದರ ವಹಿವಾಟುದಾರರು ತಂದ ಮೊಕದ್ದಮೆಯಲ್ಲಿ, 1954ರಲ್ಲಿ, ನ್ಯಾಸದ ಆಡಳಿತವನ್ನು ಸರ್ಕಾರ ನಿಯಂತ್ರಿಸಬಹುದೆಂದ ಸುಪ್ರೀಂ ಕೋರ್ಟು, ನಡೆಸಲು ಸಾಧ್ಯವಿರುವ ಧಾರ್ಮಿಕ ಉದ್ದೇಶದಿಂದ ಹಣವನ್ನು ಬೇರೆಡೆಗೆ ತಿರುಗಿಸಲು ಅವಕಾಶವಿತ್ತ ವಿಧಿಗಳನ್ನು ರದ್ದುಗೊಳಿಸಿತು. ಸರ್ಕಾರಕ್ಕೆ ಇಲ್ಲದ ಅಧಿಕಾರವನ್ನು ಧರ್ಮದರ್ಶಿಗಳ ಸಭೆ ತಾನಾಗಿ ವಹಿಸಿಕೊಳ್ಳುವುದು ಹೇಗೆ ನ್ಯಾಯ?

ಇನ್ನು ನ್ಯಾಯವಾದಿ ಎಂಥವನಿರಬೇಕು? ಉತ್ತರಾಧಿಕಾರ ಮತ್ತು ದತ್ತಿಗಳ ವಿಷಯವನ್ನೇ ಅಭ್ಯಾಸ ಮಾಡಿದವನಿರಬೇಕು. ಹಿರಿಯ ಮಗನ ವಕೀಲನು ತಂದೆಯ ಉಯಿಲಿಗೆ ಸಲ್ಲ; ಧರ್ಮದರ್ಶಿಯ ಅಳಿಯನು ಬಸದಿಯ ಪತ್ರಕ್ಕೆ ಸಲ್ಲ. ಹಿರಿಯರನ್ನು ಏಕಾಂತದಲ್ಲಿ ಕಂಡು, ಅವರ ಮನೆಮಾತಿನಲ್ಲೇ ಕೇಳಿ, ಬರೆದುದನ್ನು ಓದಿ ಹೇಳಿ ರುಜು ಪಡೆಯಬೇಕು. ಉಯಿಲಿನಿಂದ ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದರೆ ಅದು ಸಂದೇಹಕ್ಕೆ ಎಡೆಕೊಡುವುದೆಂದು, ಮೈಸೂರಿನಿಂದ ಹೋದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟು 1958ರಲ್ಲೇ ಹೇಳಿದೆ. ಉಯಿಲಿಗೆ ಇಬ್ಬರು ಸಾಕ್ಷಿಗಳು ಅವಶ್ಯ. ನೋಂದಣಿ ಕಡ್ಡಾಯವಲ್ಲದಿದ್ದರೂ ಕ್ಷೇಮಕರ; ಗುಟ್ಟಾಗಿರಬೇಕೆನ್ನುವವರು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಇರಿಸಲೂ ಕಾಯಿದೆಯಲ್ಲಿ ಅವಕಾಶವಿದೆ. ಶುಲ್ಕವನ್ನು ಮೊದಲೇ ಬರಹದಲ್ಲಿ ಗೊತ್ತುಮಾಡಿಕೊಳ್ಳಬೇಕು. ವಿವಾದದ ಆಸ್ತಿಯಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಎಲ್ಲಕ್ಕಿಂತ ಮಿಗಿಲಾಗಿ, ಕೇಳಲು ಇಷ್ಟವಿಲ್ಲದ ಪ್ರಶ್ನೆಗಳನ್ನು ಕೇಳುವ ನ್ಯಾಯವಾದಿಯೇ ಯೋಗ್ಯ. ಹೇಳಿದ್ದಕ್ಕೆಲ್ಲ ಆಗಲಿ ಎನ್ನುವವನು ಕಡಿಮೆ ಶುಲ್ಕಕ್ಕೆ ಸಿಕ್ಕರೂ ದುಬಾರಿ.

ನ್ಯಾಯವಾದಿಯಿಂದ ಏನನ್ನು ಕೇಳಬಾರದೆಂಬುದೂ ಅಷ್ಟೇ ಮುಖ್ಯ. ಮಗಳ ಪಾಲನ್ನು ಮರೆಸಲು, ಸಾಲಗಾರನಿಗೆ ಸಿಗದಂತೆ ಆಸ್ತಿಯನ್ನು ಅಡಗಿಸಲು, ಧರ್ಮದ ಹೆಸರಿನ ಟ್ರಸ್ಟಿನಲ್ಲಿ ಮನೆಯ ಹಣವನ್ನು ಸುತ್ತಿಸಲು ದಾರಿ ಕೇಳುವವನು ನ್ಯಾಸವನ್ನು ಬರೆಸುತ್ತಿಲ್ಲ. ಸರಿಯಾದ ಮುದ್ರಾಂಕ ಹಚ್ಚಿದ ಕೂಟಲೇಖವನ್ನು ಬರೆಸುತ್ತಿದ್ದಾನೆ. ಅಂಥವನಿಗೆ ವಕೀಲ ಸಿಕ್ಕಾನು, ಕಾಯಿದೆಯ ಸಂದು ಸಿಕ್ಕೀತು. ಮಾಯಾಕಷಾಯದ ಬಂಧದಿಂದ ಬಿಡಿಸುವವರು ಸಿಗಲಾರರು.

ದಶಲಕ್ಷಣ ಪರ್ವದ ಕೊನೆಗೆ ಕ್ಷಮಾವಣಿಯಂದು ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತಾರೆ. ಮುಂದಿನ ಕ್ಷಮಾವಣಿಗೆ ಮುನ್ನ ಪ್ರತಿಯೊಂದು ಮನೆಯ ಯಜಮಾನರೂ ಯಜಮಾನಿಯರೂ ತಮ್ಮ ಉಯಿಲನ್ನು ಬರೆಸಲಿ. ಪ್ರತಿಯೊಂದು ಬಸದಿಯ ಆಡಳಿತ ಮಂಡಲಿಯೂ ತನ್ನ ನ್ಯಾಸಪತ್ರವನ್ನು ಪೆಟ್ಟಿಗೆಯಿಂದ ತೆಗೆದು, ಬಲ್ಲವರಿಂದ ಪರಿಶೀಲಿಸಿ, ಸಮಾಜದ ಮುಂದೆ ಗಟ್ಟಿಯಾಗಿ ಓದಿಸಲಿ. ಓದಲು ಸಂಕೋಚವಾಗುವ ಸಾಲುಗಳು ಅದರಲ್ಲಿದ್ದರೆ, ತಿದ್ದಬೇಕಾದ ಸ್ಥಳ ಯಾವುದೆಂದು ಅಲ್ಲಿಯೇ ತಿಳಿಯುತ್ತದೆ.