ಮಕ್ಕಳ ಮನೆಗೆ ಹೊರಟ ನಿವೃತ್ತರು, ಅಲ್ಲಿಯ ಚರ್ಚ್ ಕೇಳುವ ಕಾಗದಗಳು

ಈಸ್ಟರ್ ಹಬ್ಬ ಕಳೆಯುತ್ತಿದ್ದಂತೆ ನಮ್ಮ ಕರಾವಳಿಯ ಚರ್ಚ್‌ಗಳಲ್ಲಿ ಮುಂದಿನ ಬೆಂಚುಗಳು ಖಾಲಿಯಾಗತೊಡಗುತ್ತವೆ. ಬೆಳಗ್ಗಿನ ಪೂಜೆಗೆ ತಪ್ಪದೆ ಬರುತ್ತಿದ್ದ ನಿವೃತ್ತ ಶಿಕ್ಷಕರು, ಬ್ಯಾಂಕ್ ಅಧಿಕಾರಿಗಳು, ವಾಡೆಯ ಗುರ್ಕಾರರು, ಸಂತ ವಿನ್ಸೆಂಟ್ ದ ಪೌಲ್ ಸಭೆಯ ಖಜಾಂಚಿ ಒಬ್ಬೊಬ್ಬರಾಗಿ ಕಾಣದಾಗುತ್ತಾರೆ. ವಿಚಾರಿಸಿದರೆ ಉತ್ತರ ಒಂದೇ: ಮಗಳಲ್ಲಿಗೆ ಹೋಗಿದ್ದಾರೆ, ಮಗನಲ್ಲಿಗೆ ಹೋಗಿದ್ದಾರೆ. ಕೆನಡಾ, ಅಮೆರಿಕ, ಆಸ್ಟ್ರೇಲಿಯಾ, ಇಂಗ್ಲೆಂಡ್, ಇಲ್ಲವೇ ಕೊಲ್ಲಿ ರಾಷ್ಟ್ರಗಳು. ಮಳೆ ಇಳಿಮುಖವಾಗಿ ಮೊಂತಿ ಫೆಸ್ತ್ ಹತ್ತಿರವಾದಾಗ ಕೆಲವರು ಮರಳುತ್ತಾರೆ. ಕೆಲವರು ಕ್ರಿಸ್ಮಸ್‌ಗೆ. ಇನ್ನು ಕೆಲವರು ಮರಳುವ ದಿನವನ್ನು ಮುಂದೂಡುತ್ತಲೇ ಇರುತ್ತಾರೆ.

ಕಳೆದ ವರ್ಷ ಹೀಗೆ ಹೊರಟಿದ್ದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನಮ್ಮಲ್ಲಿಗೆ ಬಂದರು. ಮಗ ಕೆನಡಾದಲ್ಲಿ. ಆರು ತಿಂಗಳು ಸುಮ್ಮನೆ ಕುಳಿತಿರುವುದು ಬೇಡ, ಅಲ್ಲಿಯ ಚರ್ಚ್‌ನಲ್ಲಿ ಮಕ್ಕಳಿಗೆ ದೊತೊರ್ನ್ ಕಲಿಸೋಣ, ಬಡವರಿಗೆ ದಿನಸಿ ಹಂಚುವ ತಂಡದಲ್ಲಿ ಕೈಜೋಡಿಸೋಣ ಎಂಬುದು ಅವರ ಆಸೆ. ಮಗ ಆ ಚರ್ಚ್‌ಗೆ ಬರೆದು ಕೇಳಿದ್ದ. ಬಂದ ಉತ್ತರವನ್ನು ಅವರು ನಮ್ಮ ಮೇಜಿನ ಮೇಲೆ ಇಟ್ಟರು: ಧರ್ಮಗುರುಗಳ ಪತ್ರ, ಪರಿಚಿತರಿಬ್ಬರ ಶಿಫಾರಸು, ಪೊಲೀಸ್ ಪ್ರಮಾಣಪತ್ರ, ಜೊತೆಗೆ ಕಂಪ್ಯೂಟರಿನಲ್ಲಿ ಮಾಡಬೇಕಾದ ಒಂದು ತರಬೇತಿ. ಅವರ ಮುಖ ಕೆಂಪಾಗಿತ್ತು. "ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಮಾಡಿದವನು ನಾನು, ಫಾದರ್. ನನ್ನ ಮೇಲೆ ಪೊಲೀಸರ ಕಾಗದ ಬೇಕಂತೆ!"

ಅವರ ನೋವು ನಮಗೆ ಅರ್ಥವಾಗುತ್ತದೆ. ಹಾಗಿದ್ದರೂ ಆ ಚರ್ಚ್ ಕೇಳಿದ್ದು ಸರಿ ಎಂದೇ ನಾವು ಅವರಿಗೆ ಹೇಳಿದೆವು. ಇಲ್ಲಿಯೂ ಅದನ್ನೇ ಬರೆಯುತ್ತಿದ್ದೇವೆ.

ಈ ನಿಯಮಗಳು ಯಾರನ್ನೂ ಅವಮಾನಿಸಲು ಹುಟ್ಟಿದವುಗಳಲ್ಲ. ಮಕ್ಕಳ ಮೇಲೆ ನಡೆದ ದೌರ್ಜನ್ಯಗಳು, ಅವನ್ನು ಮುಚ್ಚಿಟ್ಟ ಸಂಗತಿಗಳು ಬಯಲಾದ ಮೇಲೆ ಅಮೆರಿಕದ ಧರ್ಮಾಧ್ಯಕ್ಷರು 2002ರಲ್ಲಿ ಡಲ್ಲಾಸ್ ನಗರದಲ್ಲಿ ಸೇರಿ ಮಕ್ಕಳ ರಕ್ಷಣೆಯ ಸನ್ನದನ್ನು ಅಂಗೀಕರಿಸಿದರು. ಅಲ್ಲಿಂದ ಮುಂದೆ ಮಕ್ಕಳೊಡನೆ ಕೆಲಸ ಮಾಡುವ ಪ್ರತಿಯೊಬ್ಬನ ಹಿನ್ನೆಲೆ ಪರಿಶೀಲನೆ ಅಲ್ಲಿ ಕಡ್ಡಾಯವಾಯಿತು. ಧರ್ಮಗುರುವಾದರೂ ಸರಿ, ಭಾನುವಾರ ಒಂದು ಗಂಟೆ ಬಂದು ಹೋಗುವ ಅಜ್ಜನಾದರೂ ಸರಿ. ಪೋಪ್ ಫ್ರಾನ್ಸಿಸ್ 2019ರ ಮೇ ತಿಂಗಳಲ್ಲಿ ಇಡೀ ಧರ್ಮಸಭೆಗೆ ಅನ್ವಯಿಸುವಂತೆ ದೂರು ಸ್ವೀಕಾರ ಹಾಗೂ ವಿಚಾರಣೆಯ ಕ್ರಮವನ್ನು ವಿಧಿಸಿದರು, 2023ರಲ್ಲಿ ಅದನ್ನು ಕಾಯಂಗೊಳಿಸಿದರು. ಇಂಗ್ಲೆಂಡಿನಲ್ಲಿ ಇಂತಹ ತಪಾಸಣೆಯನ್ನು ಡಿ.ಬಿ.ಎಸ್. ಎನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ಪ್ರತಿ ರಾಜ್ಯಕ್ಕೂ ಮಕ್ಕಳೊಡನೆ ಕೆಲಸ ಮಾಡುವವರ ಪ್ರತ್ಯೇಕ ಪರವಾನಗಿ ಇದೆ. ಕೆನಡಾದಲ್ಲಿ ಪೊಲೀಸರೇ ವಿಶೇಷ ತಪಾಸಣೆ ಮಾಡಿ ಕಾಗದ ಕೊಡುತ್ತಾರೆ. ಆದರೆ ಆರು ತಿಂಗಳ ಹಿಂದೆ ಮಂಗಳೂರು ಅಥವಾ ಉಡುಪಿಯಲ್ಲಿದ್ದ ಮನುಷ್ಯನ ಬಗ್ಗೆ ಅಲ್ಲಿಯ ಪೊಲೀಸರ ಬಳಿ ಏನಿರಲು ಸಾಧ್ಯ? ಆದ್ದರಿಂದ ನಮ್ಮ ದೇಶದ ಪ್ರಮಾಣಪತ್ರವನ್ನೇ ಕೇಳುತ್ತಾರೆ.

ಇದನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳುವುದು ಜಾಣತನ. ಪಾಸ್‌ಪೋರ್ಟ್ ಸೇವಾ ಜಾಲತಾಣದ ಮೂಲಕ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಅಲ್ಲಿಗೆ ತಲುಪಿದ ಮೇಲೆ ನಮ್ಮ ರಾಯಭಾರ ಕಚೇರಿಯ ಮೂಲಕ ಮಾಡಿಸಹೊರಟರೆ ಅದು ಕೈಸೇರುವಷ್ಟರಲ್ಲಿ ಮರಳುವ ವಿಮಾನದ ದಿನ ಬಂದಿರಲೂಬಹುದು. ಧರ್ಮಗುರುಗಳ ಪತ್ರವೂ ಹಾಗೆಯೇ. ಸಂಜೆ ಏಳಕ್ಕೆ ಬಂದು "ನಾಳೆ ಫ್ಲೈಟ್, ಫಾದರ್" ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ.

ಇನ್ನು ವೀಸಾದ ವಿಷಯ. ಸಂಬಳ ಪಡೆಯುವುದಿಲ್ಲ, ಹಾಗಾಗಿ ಏನು ಮಾಡಿದರೂ ತೊಂದರೆಯಿಲ್ಲ ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಅದು ಪೂರ್ತಿ ನಿಜವಲ್ಲ. ಇಂಗ್ಲೆಂಡಿಗೆ ಸಾಮಾನ್ಯ ಸಂದರ್ಶಕ ವೀಸಾದಲ್ಲಿ ಹೋದವರು ನೋಂದಾಯಿತ ಸೇವಾ ಸಂಸ್ಥೆಯೊಂದಿಗೆ ಒಟ್ಟು 30 ದಿನಗಳವರೆಗೆ ಮಾತ್ರ ಸ್ವಯಂಸೇವೆ ಮಾಡಬಹುದು. ಅದೂ ಪ್ರಯಾಣದ ಮುಖ್ಯ ಉದ್ದೇಶ ಅದಾಗಿರಬಾರದು. ಅಮೆರಿಕದ ಬಿ-1 ವರ್ಗದಲ್ಲಿ ಧಾರ್ಮಿಕ ಇಲ್ಲವೇ ಸೇವಾ ಸಂಸ್ಥೆಯ ಸ್ವಯಂಸೇವಾ ಕಾರ್ಯಕ್ರಮಕ್ಕೆ ಹೋಗಲು ಅದರ ಸದಸ್ಯರಿಗೆ ದಾರಿಯಿದೆ. ಖರ್ಚು ಭರಿಸಿಕೊಳ್ಳುವುದನ್ನು ಬಿಟ್ಟು ಅಲ್ಲಿಯ ಮೂಲದಿಂದ ಹಣ ಪಡೆಯುವಂತಿಲ್ಲ, ವಸ್ತುಗಳನ್ನು ಮಾರುವಂತಿಲ್ಲ, ದೇಣಿಗೆ ಎತ್ತುವಂತಿಲ್ಲ. ಆಸ್ಟ್ರೇಲಿಯಾದಲ್ಲಿ, ಅಲ್ಲಿಯವನೊಬ್ಬ ಸಂಬಳಕ್ಕೆ ಮಾಡಬಹುದಾದ ಕೆಲಸವನ್ನು ಪ್ರವಾಸಿ ಪುಕ್ಕಟೆಯಾಗಿ ಮಾಡಿದರೂ ತಪ್ಪು. ಕೆನಡಾದ ದೃಷ್ಟಿಯೂ ಬಹುಮಟ್ಟಿಗೆ ಇದೇ. ದಿನಸಿ ಪೊಟ್ಟಣ ಕಟ್ಟುವುದು, ಪೂಜೆಯ ನಂತರ ಕಾಫಿ ಹಂಚುವುದು, ಗಾಯನ ತಂಡದಲ್ಲಿ ಹಾಡುವುದು ಒಂದು ಬಗೆ. ಚರ್ಚ್ ಕಚೇರಿಯಲ್ಲಿ ದಿನವಿಡೀ ಕುಳಿತು ಲೆಕ್ಕ ಬರೆಯುವುದು ಇನ್ನೊಂದು ಬಗೆ. ನಿವೃತ್ತ ಬ್ಯಾಂಕ್ ಅಧಿಕಾರಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು, ಅವರಿಗೆ ಲೆಕ್ಕದ ಪುಸ್ತಕ ಕಂಡರೆ ಕೈ ತಡೆಯುವುದಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಟಿಕೆಟ್ ಮಾಡುವ ಮೊದಲು ಆಯಾ ದೇಶದ ಸರಕಾರಿ ಜಾಲತಾಣವನ್ನೇ ನೋಡುವುದು ಒಳ್ಳೆಯದು.

ದೇಣಿಗೆಯ ಮಾತು ಬಂದುದರಿಂದ ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಮಕ್ಕಳನ್ನು ನೋಡಲು ಕೊಲ್ಲಿಗೆ ಹೊರಟವರ ಪೆಟ್ಟಿಗೆಯಲ್ಲಿ ಹಪ್ಪಳ, ಉಪ್ಪಿನಕಾಯಿಯ ಜೊತೆ ಊರಿನ ಚರ್ಚ್ ಕಟ್ಟಡ ನಿಧಿಯ ರಶೀದಿ ಪುಸ್ತಕವನ್ನೂ ಇಟ್ಟು ಕಳುಹಿಸುವ ಅಭ್ಯಾಸ ನಮ್ಮಲ್ಲಿದೆ. ಕಳುಹಿಸುವವರಲ್ಲಿ ಧರ್ಮಗುರುಗಳೂ ಇದ್ದಾರೆ. ಪರವಾನಗಿಯಿಲ್ಲದೆ ದೇಣಿಗೆ ಸಂಗ್ರಹಿಸುವುದು ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಶಿಕ್ಷಾರ್ಹ ಅಪರಾಧ. ಎಪ್ಪತ್ತರ ಅಂಚಿನ ಹಿರಿಯರನ್ನು ನಮ್ಮ ಗೋಪುರದ ಸಲುವಾಗಿ ಆ ಅಪಾಯಕ್ಕೆ ದೂಡುವುದು ಯಾವ ನ್ಯಾಯ?

ಕೊಲ್ಲಿಯ ಚರ್ಚ್‌ಗಳ ಸೇವೆಗೆ ತನ್ನದೇ ಆದ ರೀತಿಯಿದೆ. ಎಲ್ಲವೂ ಚರ್ಚ್ ಆವರಣದ ಒಳಗೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2022ರ ಜನವರಿಯಿಂದ ವಾರದ ರಜೆ ಶನಿವಾರ ಮತ್ತು ಭಾನುವಾರಕ್ಕೆ ಬಂದಿದೆ. ಕುವೈತ್, ಕತಾರ್, ಬಹ್ರೈನ್‌ಗಳಲ್ಲಿ ಈಗಲೂ ಶುಕ್ರವಾರ ಮತ್ತು ಶನಿವಾರ. ಜನ ಸೇರುವ ಪೂಜೆ, ಮಕ್ಕಳ ದೊತೊರ್ನ್ ಎಲ್ಲವೂ ಈ ರಜೆಯನ್ನೇ ಅನುಸರಿಸುತ್ತವೆ. ವಾರವಿಡೀ ದುಡಿದ ತಂದೆತಾಯಂದಿರು ರಜೆಯ ದಿನ ಶಿಕ್ಷಕರಾಗಿ ನಿಲ್ಲುವುದನ್ನು ನೋಡಿದ ನಮ್ಮ ಹಿರಿಯರು ಬೆರಗಾಗಿ ಮರಳುತ್ತಾರೆ. ಊರಿನಲ್ಲಿ ಅದೇ ಕೆಲಸಕ್ಕೆ ಜನ ಹುಡುಕಿ ನಾವು ಸೋಲುತ್ತೇವೆ.

ಆದರೆ ಈ ಲೇಖನ ಬರೆಯಲು ಕೂತದ್ದು ಕಾಗದಪತ್ರಗಳ ಸಲುವಾಗಿ ಮಾತ್ರವಲ್ಲ. ನಮ್ಮನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ, ಮತ್ತು ಅದನ್ನು ತಿಳಿಸಿದವರು ಆ ಮುಖ್ಯೋಪಾಧ್ಯಾಯರಲ್ಲ, ಅವರ ಪತ್ನಿ.

ಗಂಡ ಕಾಗದಗಳ ಬಗ್ಗೆ ಮಾತನಾಡುತ್ತಿದ್ದಷ್ಟು ಹೊತ್ತು ಅವರು ಸುಮ್ಮನಿದ್ದರು. ಎದ್ದು ಹೊರಡುವಾಗ ಮೆಲ್ಲಗೆ ಹೇಳಿದರು: "ಇವರಿಗೆ ಚರ್ಚ್‌ನ ಕೆಲಸ ಉಂಟು, ಫಾದರ್. ನನಗೆ ಸೊಸೆಯ ಬಾಣಂತನ, ಮೊದಲ ಮಗುವಿನ ಶಾಲೆ, ಅಡುಗೆ. ಹೋದ ಸಲ ನಾಲ್ಕು ತಿಂಗಳಲ್ಲಿ ನಾನು ಮನೆಯಿಂದ ಹೊರಗೆ ಕಾಲಿಟ್ಟದ್ದು ಭಾನುವಾರದ ಪೂಜೆಗೆ ಮಾತ್ರ." ದೂರು ಎಂಬಂತೆ ಹೇಳಲಿಲ್ಲ. ಮೊಮ್ಮಕ್ಕಳ ಹೆಸರು ಹೇಳುವಾಗ ಅವರ ಕಣ್ಣುಗಳಲ್ಲಿ ಬೆಳಕಿತ್ತು. ಆದರೂ ಆ ಮಾತು ನಮ್ಮನ್ನು ಬಿಡಲಿಲ್ಲ.

ಮಕ್ಕಳ ಮನೆಗೆ ಹೋಗುವ ಪ್ರವಾಸವನ್ನು ನಾವು ವಿಶ್ರಾಂತಿ ಎಂದು ಕರೆಯುತ್ತೇವೆ. ವಿಮಾನ ನಿಲ್ದಾಣದಲ್ಲಿ ಫೋಟೋ ತೆಗೆಯುತ್ತೇವೆ, ನಯಾಗರ ಜಲಪಾತದ ಎದುರು ಇನ್ನೊಂದು. ನಡುವಿನ ನೂರೈವತ್ತು ದಿನಗಳ ಫೋಟೋ ಯಾರೂ ತೆಗೆಯುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆ, ಡೇ ಕೇರ್‌ಗೆ ತಿಂಗಳಿಗೆ ಭಾರೀ ಶುಲ್ಕ, ಹೊರಗೆ ಚಳಿ, ಕಾರು ಓಡಿಸಲು ಬಾರದು, ಬಸ್ಸಿನ ದಾರಿ ಗೊತ್ತಿಲ್ಲ. ಇಲ್ಲಿ ಗುರ್ಕಾರ್ತಿಯಾಗಿ ಮೂವತ್ತು ಮನೆಗಳ ಸುಖದುಃಖ ವಿಚಾರಿಸುತ್ತಿದ್ದ ಹೆಂಗಸು ಅಲ್ಲಿ ಕಿಟಕಿಯ ಬಳಿ ಕುಳಿತು ಶಾಲೆಯ ಬಸ್ಸು ಕಾಯುತ್ತಾರೆ. ಮಕ್ಕಳು ಕೆಟ್ಟವರೆಂದಲ್ಲ. ಅವರಿಗೂ ಸಾಲ, ಪಾಳಿ, ಆಯಾಸ. ಅಮ್ಮ ಬಂದರಲ್ಲ ಎಂಬ ನೆಮ್ಮದಿಯಲ್ಲಿ, ಅಮ್ಮನಿಗೂ ಒಂದು ವಾರ ಇದೆ, ಅದಕ್ಕೆ ಏಳು ದಿನಗಳಿವೆ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಕೆನಡಾದ ಸೂಪರ್ ವೀಸಾ 2011ರ ಡಿಸೆಂಬರಿನಲ್ಲಿ ಆರಂಭವಾಯಿತು. 2022ರ ಜುಲೈಯಿಂದ ಅದರಲ್ಲಿ ಹೋದ ತಂದೆತಾಯಿ, ಅಜ್ಜ ಅಜ್ಜಿಯರು ಒಂದು ಸಲಕ್ಕೆ ಐದು ವರ್ಷಗಳವರೆಗೆ ಉಳಿಯಬಹುದು. ಸೌಲಭ್ಯ ದೊಡ್ಡದೇ. ಆದರೆ ಅರುವತ್ತೈದರ ಮೇಲಿನ ಐದು ವರ್ಷವೆಂದರೆ ಅದು ಭೇಟಿಯಲ್ಲ, ಬದುಕಿನ ಒಂದು ಭಾಗವೇ. ಅಷ್ಟು ಕಾಲವನ್ನು ಇನ್ನೊಬ್ಬರ ಗಡಿಯಾರಕ್ಕೆ ಒಪ್ಪಿಸುವ ಮೊದಲು ಮನೆಯಲ್ಲಿ ಒಂದು ಮಾತುಕತೆ ಆಗಬೇಡವೇ?

ಆದ್ದರಿಂದಲೇ ಚರ್ಚ್‌ನ ಸ್ವಯಂಸೇವೆ ನಮಗೆ ಮುಖ್ಯವಾಗಿ ಕಾಣುತ್ತದೆ. ಆ ಚರ್ಚ್‌ಗೆ ನಮ್ಮವರಿಂದ ಆಗುವ ಉಪಕಾರ ಸಣ್ಣದು, ಅವರಿಲ್ಲದೆಯೂ ಅಲ್ಲಿ ದಿನಸಿ ಹಂಚಿಕೆಯಾಗುತ್ತದೆ. ಆದರೆ ವಾರದಲ್ಲಿ ಒಂದು ದಿನ, ಮೂರು ಗಂಟೆ, ಆ ತಾಯಿಯನ್ನು ಇಂಥವರ ಅಮ್ಮ ಎಂದಲ್ಲದೆ ಅವರ ಸ್ವಂತ ಹೆಸರಿನಿಂದ ಕರೆಯುವ ಒಂದು ಜಾಗವಿರುತ್ತದೆ. ಫಿಲಿಪ್ಪೀನ್ಸ್‌ನ ಅಜ್ಜಿಯೊಬ್ಬರು, ಗೋವಾದವರೊಬ್ಬರು, ಆ ಊರಿನವರೇ ಒಬ್ಬರು ಪಕ್ಕದಲ್ಲಿ ನಿಂತು ಅಕ್ಕಿ ಅಳೆಯುತ್ತಾರೆ. ಇಂಗ್ಲಿಷ್ ಹರಕುಮುರುಕಾದರೂ ನಡೆಯುತ್ತದೆ. ಸಂತ ವಿನ್ಸೆಂಟ್ ದ ಪೌಲ್ ಸಭೆ 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜಾನಾಂ ಮತ್ತು ಸಂಗಡಿಗರಿಂದ ಆರಂಭವಾದದ್ದು, ಇಂದು ಲೋಕದ ಎಲ್ಲೆಡೆ ಇದೆ. ನಮ್ಮ ಊರಿನ ಸಭೆಯ ಸದಸ್ಯರಿಗೆ ಅಲ್ಲಿಯ ಸಭೆ ಹೊಸ ಮನೆಯೇನಲ್ಲ.

ಹಾಗಾಗಿ ಟಿಕೆಟ್ ಕಳುಹಿಸುವ ಮಕ್ಕಳಿಗೆ ನಮ್ಮ ವಿನಂತಿ ಇಷ್ಟೇ: ಅಮ್ಮನ ವಾರದಲ್ಲಿ ಒಂದು ದಿನವನ್ನು ಮೊದಲೇ ತೆಗೆದಿಡಿ, ಮತ್ತು ಅವರನ್ನು ಚರ್ಚ್‌ಗೆ ಬಿಟ್ಟು ಕರೆತರುವವರು ಯಾರೆಂದೂ ಗೊತ್ತುಮಾಡಿ. ಅಪ್ಪನಿಗೆ ಹೇಗೂ ದಾರಿ ಸಿಗುತ್ತದೆ.

ಆರೋಗ್ಯದ ವಿಷಯವನ್ನು ಸಂಕ್ಷಿಪ್ತವಾಗಿ ಹೇಳಿಬಿಡುತ್ತೇವೆ. ಸೂಪರ್ ವೀಸಾಕ್ಕೆ ಕನಿಷ್ಠ 1,00,000 ಕೆನಡಿಯನ್ ಡಾಲರಿನ ಆರೋಗ್ಯ ವಿಮೆ ಕಡ್ಡಾಯ. ಕಡ್ಡಾಯವಿಲ್ಲದ ದೇಶಗಳಿಗೂ ವಿಮೆಯಿಲ್ಲದೆ ಹೋಗಬೇಡಿ, ಬಿ.ಪಿ., ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಸರಕಾರಿ ಪಿಂಚಣಿದಾರರಿಗೆ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡುವ ಕೆಲಸವಿರುತ್ತದೆ. 2014ರಲ್ಲಿ ಬಂದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ 2021ರಿಂದ ಮುಖ ತೋರಿಸಿ ಮೊಬೈಲಿನಲ್ಲೇ ಇದನ್ನು ಮುಗಿಸುವ ಸೌಲಭ್ಯವಿದೆ. ಹೊರಡುವ ಮೊದಲು ಇಲ್ಲಿಯೇ ಒಮ್ಮೆ ಕಲಿತುಕೊಂಡರೆ ಒಳ್ಳೆಯದು.

ಇತ್ತ ಊರಿನಲ್ಲಿ ಉಳಿದವರ ಕಡೆಗೂ ನೋಡಬೇಕು. ಪೋಪ್ ಫ್ರಾನ್ಸಿಸ್ 2021ರಲ್ಲಿ ಅಜ್ಜ ಅಜ್ಜಿಯರ ಹಾಗೂ ಹಿರಿಯರ ವಿಶ್ವ ದಿನವನ್ನು ಆರಂಭಿಸಿದರು. ಜುಲೈ ತಿಂಗಳ ನಾಲ್ಕನೇ ಭಾನುವಾರ, ಸಂತ ಜೊವಾಕಿಮ್ ಮತ್ತು ಸಂತ ಅನ್ನಾ ಇವರ ಹಬ್ಬದ ಆಸುಪಾಸಿನಲ್ಲಿ ಅದು ಬರುತ್ತದೆ. ನಮ್ಮ ಧರ್ಮಕೇಂದ್ರದಲ್ಲೂ ಆ ದಿನ ಹಿರಿಯರಿಗೆ ಹೂ ಕೊಟ್ಟು ಗೌರವಿಸುತ್ತೇವೆ. ಆದರೆ ಹೂ ಪಡೆಯಲು ಬರುವವರು ನಡೆಯಬಲ್ಲವರು. ಹಾಸಿಗೆ ಹಿಡಿದವರನ್ನು ಪ್ರತಿ ಮಂಗಳವಾರ ಭೇಟಿ ಮಾಡುತ್ತಿದ್ದವರು ಅರುವತ್ತು ದಾಟಿದ ಇದೇ ಸ್ವಯಂಸೇವಕರು, ಮತ್ತು ಅವರು ಈಗ ಟೊರೊಂಟೊದಲ್ಲೋ ಮೆಲ್ಬರ್ನ್‌ನಲ್ಲೋ ಇದ್ದಾರೆ. ಹೋಗಬೇಡಿ ಎಂದು ಯಾರಿಗೂ ಹೇಳಲಾರೆವು. ಮೊಮ್ಮಗುವಿನ ಮುಖ ನೋಡುವ ಹಂಬಲಕ್ಕೆ ಅಡ್ಡ ನಿಲ್ಲುವ ಅಧಿಕಾರ ಯಾವ ಧರ್ಮಗುರುವಿಗೂ ಇಲ್ಲ. ಹೋಗುವ ತಿಂಗಳುಗಳನ್ನು ಮೊದಲೇ ತಿಳಿಸಿ, ತಾವು ಭೇಟಿ ಮಾಡುತ್ತಿದ್ದ ಮನೆಗಳ ಪಟ್ಟಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೋದರೆ ಸಾಕು. ಕಳೆದ ಮಳೆಗಾಲದಲ್ಲಿ ಹೀಗೆ ಆಗದ ಕಾರಣ ನಮ್ಮಲ್ಲಿ ಒಂಟಿಯಾಗಿದ್ದ ವೃದ್ಧೆಯೊಬ್ಬರ ಮನೆಗೆ ಮೂರು ವಾರ ಯಾರೂ ಹೋಗಿರಲಿಲ್ಲ. ಅದು ಗಮನಕ್ಕೆ ಬಂದದ್ದು ಅವರು ಬಿದ್ದು ಸೊಂಟ ಮುರಿದುಕೊಂಡ ಮೇಲೆ. ತಪ್ಪು ಹೋದವರದ್ದಲ್ಲ. ಪಟ್ಟಿ ಇಟ್ಟುಕೊಳ್ಳದ ನಮ್ಮದು.

ಮುಖ್ಯೋಪಾಧ್ಯಾಯರು ಕೊನೆಗೆ ಪೊಲೀಸ್ ಪ್ರಮಾಣಪತ್ರ ಮಾಡಿಸಿಕೊಂಡೇ ಹೋದರು. ಅಲ್ಲಿ ತರಬೇತಿಯನ್ನೂ ಮುಗಿಸಿದರು. ಅವರ ಪತ್ನಿ ಬುಧವಾರಗಳಂದು ದಿನಸಿ ತಂಡದೊಂದಿಗೆ ಇರುತ್ತಿದ್ದರಂತೆ, ಅಂದು ಮಗುವನ್ನು ಶಾಲೆಯಿಂದ ಕರೆತರುವ ಕೆಲಸ ಅಜ್ಜನದ್ದು. ಮೊಂತಿ ಫೆಸ್ತ್‌ನ ನೊವೆನಾ ಹೊತ್ತಿಗೆ ಇಬ್ಬರೂ ಮರಳಿದರು. ಬಂದ ಮರುವಾರವೇ ಅವರು ಕಚೇರಿಗೆ ಬಂದು ಕೇಳಿದ್ದು: "ನಮ್ಮ ದೊತೊರ್ನ್ ಶಿಕ್ಷಕರಿಗೂ ಈ ತರಬೇತಿ ಬೇಡವೇ, ಫಾದರ್? ನಮ್ಮಲ್ಲಿ ಯಾರು ಯಾರ ಕಾಗದ ನೋಡಿದ್ದಾರೆ?" ಪೋಕ್ಸೊ ಕಾಯ್ದೆ ನಮ್ಮ ದೇಶದಲ್ಲಿ 2012ರಿಂದ ಇದೆ. ಅವರ ಪ್ರಶ್ನೆಗೆ ಥಟ್ಟನೆ ಕೊಡಲು ನಮ್ಮ ಬಳಿ ಉತ್ತರವಿರಲಿಲ್ಲ. ಪಾಲನಾ ಮಂಡಳಿಯ ಸಭೆಯಲ್ಲಿ ವಿಷಯವನ್ನು ಇಟ್ಟೆವು. ನಾಲ್ವರು ಒಪ್ಪಿದರು, ಒಬ್ಬರು "ನಮ್ಮ ಮೇಲೆಯೇ ಸಂಶಯವೇ?" ಎಂದರು, ಉಳಿದವರು ಮುಂದಿನ ಸಭೆಯಲ್ಲಿ ನೋಡೋಣ ಎಂದರು. ಮುಂದಿನ ಸಭೆ ಈ ತಿಂಗಳ ಎರಡನೇ ಭಾನುವಾರ, ಎರಡನೇ ಪೂಜೆಯ ಬಳಿಕ ನಡೆಯಲಿದೆ. ಮುಖ್ಯೋಪಾಧ್ಯಾಯರನ್ನೂ ಕರೆದಿದ್ದೇವೆ, ಅವರ ಪತ್ನಿಯನ್ನೂ.