ನಡುಹಗಲಿಗೂ ಫ್ಲಾಷ್ ಬೇಕೆ?

ಕತ್ತಲಾದರೆ ಫ್ಲಾಷ್ ಬೇಕು, ಬಿಸಿಲಿದ್ದರೆ ಬೇಡ ಎಂಬುದು ಡಿಜಿಟಲ್ ಕ್ಯಾಮರಾ ಹಿಡಿದ ವಿದ್ಯಾರ್ಥಿಮಿತ್ರರಲ್ಲಿ ಹಲವರ ನಂಬಿಕೆ. ನಾವು ಇದನ್ನು ಒಪ್ಪಲಾರೆವು.

ಶಾಲೆಯ ಪ್ರವಾಸದಲ್ಲಿ ವಿಜಯಪುರದ ಗೋಳಗುಮ್ಮಟದೊಳಗೆ ನಿಂತಿರುವಿರೆಂದು ಭಾವಿಸಿರಿ. ಗೆಳೆಯನು 4 ಮೀಟರು ದೂರದಲ್ಲಿದ್ದಾನೆ. ಅವನ ಹಿಂದಿನ ಗೋಡೆ ಸುಮಾರು 40 ಮೀಟರು ದೂರದಲ್ಲಿದೆ. ಬೆಳಕಿನ ಪ್ರಖರತೆಯು ದೂರದ ವರ್ಗಕ್ಕೆ ವಿಲೋಮವಾಗಿ ತಗ್ಗುವುದರಿಂದ, ಅವನ ಮುಖಕ್ಕೆ ದೊರೆತ ಫ್ಲಾಷ್ ಬೆಳಕಿನ ನೂರರಲ್ಲೊಂದು ಪಾಲು ಮಾತ್ರ ಆ ಗೋಡೆಗೆ ಸಲ್ಲುತ್ತದೆ. ಮುಖವೇನೋ ಬೆಳಗೀತು, ನೋಡಲೆಂದು ಬಂದ ಗುಮ್ಮಟ ಕತ್ತಲೆಯಲ್ಲಿಯೇ ಉಳಿಯಿತು! 'ಆಟೋ' ವಿಧಾನಕ್ಕೆ ಈ ವಿವೇಚನೆಯಿಲ್ಲ. ವಸ್ತುವು ತನಗೆ ನಿಲುಕಲಿ, ನಿಲುಕದಿರಲಿ, ಮಂದ ಬೆಳಕನ್ನು ಕಂಡೊಡನೆ ಅದು ಸಾಮಾನ್ಯವಾಗಿ ಮಿಂಚಿಬಿಡುತ್ತದೆ.

ಅಲ್ಲಿ ಫ್ಲಾಷನ್ನು ಆರಿಸಿ, ಕ್ಯಾಮರಾವನ್ನು ಅಲುಗದಂತಿರಿಸಿ, ಷಟರನ್ನು ಒಂದೆರಡು ಸೆಕೆಂಡು ತೆರೆದಿಡುವುದೇ ಸರಿ. ಗೆಳೆಯನೂ ಚಿತ್ರದಲ್ಲಿರಬೇಕಾದರೆ 'ಸ್ಲೋ ಸಿಂಕ್' ವಿಧಾನವುಂಟು: ಮಿಂಚು ಮುಖವನ್ನು ಬೆಳಗಿಸುತ್ತದೆ, ತೆರೆದೇ ಇರುವ ಷಟರು ಹಿನ್ನೆಲೆಯ ಮಂದ ಬೆಳಕನ್ನು ಕೂಡಿಸಿಕೊಳ್ಳುತ್ತದೆ. ಅವನು ಮಾತ್ರ ಅಲುಗಬಾರದು. (ಪ್ರವಾಸದ ಗೆಳೆಯರಿಂದ ಇದನ್ನು ನಿರೀಕ್ಷಿಸುವುದು ಕಷ್ಟವೇ!)

ಹೊರಗೆ ಬಂದರೆ ನಡುಹಗಲ ಬಿಸಿಲು. ಸೂರ್ಯನು ನೆತ್ತಿಯ ಮೇಲಿದ್ದಾಗ ಹುಬ್ಬಿನ ಕೆಳಗೆಲ್ಲ ನೆರಳು ಕವಿದು, ಕಣ್ಣುಗಳೇ ಕಾಣವು. ಬೆಳಕು ಸಾಕೆಂದು 'ಆಟೋ' ಸುಮ್ಮನಿರುತ್ತದೆ. ಫ್ಲಾಷನ್ನು ನಾವಾಗಿಯೇ ಉರಿಸಬೇಕಾದುದು ಆಗ. ಎರಡು ಮೀಟರಿನ ಅಂತರದಲ್ಲಿ ಆ ಪುಟ್ಟ ಮಿಂಚು ನೆರಳನ್ನು ತಿಳಿಗೊಳಿಸಿ, ಕಣ್ಣುಗಳನ್ನು ಕಾಣಿಸುತ್ತದೆ.