ಯಾವ ನಾಯಿ, ಎಷ್ಟು ನಾಯಿ?

ವಿದ್ಯಾರ್ಥಿಗಳಿಗೆ ಸಂಶೋಧನಾ ಲೇಖನ ಬರೆಯಲು ಕಲಿಸುವ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಇಂಗ್ಲಿಷಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ಹಳ್ಳಿಯಿಂದ ಬಂದವರು, ಕನ್ನಡ ಮಾಧ್ಯಮದಲ್ಲಿ ಓದಿದವರು, ಇಂಗ್ಲಿಷ್ ಕಚ್ಚಾ, ಹೀಗಾಗಿ ಬರೆಯಲು ಬರುವುದಿಲ್ಲ ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಅವರಿಗೆ ಬರೆಯಲು ಬಾರದಿರುವುದಕ್ಕೆ ಮೊದಲ ಕಾರಣ, ಲೇಖನವನ್ನು ಓದಲು ಯಾರೂ ಕಲಿಸದಿರುವುದು. ಪಠ್ಯಪುಸ್ತಕ ಓದಿ ಬೆಳೆದವರು ಅಚ್ಚಾದದ್ದನ್ನೆಲ್ಲ ಸತ್ಯವೆಂದು ತೆಗೆದುಕೊಳ್ಳುತ್ತಾರೆ. ಸಂಶೋಧನಾ ಲೇಖನ ಹಾಗಲ್ಲ, ಅದು ಒಬ್ಬರು ಮಂಡಿಸಿದ ವಾದ. ಅದರ ಮುಂದೆ ಕೂತು ‘ನೀವು ಹೇಳುವುದನ್ನು ನಾನು ಯಾಕೆ ನಂಬಬೇಕು?’ ಎಂದು ಕೇಳಬೇಕು. ಹಾಗೆ ಕೇಳುವ ಧೈರ್ಯ ಮನುಷ್ಯನಿಗೆ ತಾನು ಬಲ್ಲ ವಿಷಯದಲ್ಲೇ ಮೊದಲು ಹುಟ್ಟುವುದು. ಆದ್ದರಿಂದ ಪಾಠ ಊರಿನಿಂದಲೇ ಶುರುವಾಗಬೇಕು.

ಬಾಗಲಕೋಟೆ ಜಿಲ್ಲೆಯ ಮಟ್ಟಿಗೆ ಅಂಥ ಊರು ಯಾವುದೆಂದು ಹುಡುಕಬೇಕಾಗಿಲ್ಲ. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿ ಮುಧೋಳ ನಾಯಿಯ ತಳಿ ಕಾಯುವ ಕೆಲಸ ನಡೆಯುತ್ತದೆ. ಈ ನಾಯಿಯ ಬಗ್ಗೆ ನಮ್ಮ ಭಾಗದಲ್ಲಿ ಹೆಮ್ಮೆಗೆ ಕೊರತೆಯಿಲ್ಲ. ಮುಧೋಳದ ಅರಸು ಮಾಲೋಜಿರಾವ್ ಘೋರ್ಪಡೆ ತಳಿಯನ್ನು ಉಳಿಸಿದ್ದು, 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಚೀಟಿ ತಂದದ್ದು, 2016ರಲ್ಲಿ ಸೇನೆ ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದದ್ದು, ಇವನ್ನೆಲ್ಲ ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹುಡುಗರು ಬಾಯಿಪಾಠ ಒಪ್ಪಿಸಬಲ್ಲರು. ಎಷ್ಟೋ ಮನೆಗಳಲ್ಲಿ ನಾಯಿಯೇ ಇದೆ. ಅದು ಏನು ತಿನ್ನುತ್ತದೆ, ಯಾವಾಗ ಮೈ ಇಳಿಯುತ್ತದೆ, ಮೊಲದ ಹಿಂದೆ ಹೇಗೆ ಓಡುತ್ತದೆ ಎಂಬುದನ್ನು ಕಣ್ಣಾರೆ ಕಂಡವರಿದ್ದಾರೆ.

ಈಗ ತರಗತಿಯಲ್ಲಿ ಒಂದು ಲೇಖನವನ್ನು ಕೈಗೆ ಕೊಟ್ಟೆವು ಎಂದಿಟ್ಟುಕೊಳ್ಳೋಣ. ಮೂವತ್ತು ಮುಧೋಳ ನಾಯಿಗಳ ಎತ್ತರ, ತೂಕ, ಎದೆಸುತ್ತು ಅಳೆದು, ಸರಾಸರಿ ತೆಗೆದು, ‘ಇದು ಈ ತಳಿಯ ಲಕ್ಷಣ’ ಎಂದು ತೀರ್ಮಾನಿಸಿದ ಲೇಖನ. ಉದಾಹರಣೆಗೆಂದು ನಾನೇ ಕಟ್ಟಿಕೊಂಡದ್ದು ಇದು, ಆದರೆ ಇಂಥ ರಚನೆಯ ಲೇಖನಗಳು ಪಶುವಿಜ್ಞಾನದಲ್ಲಿ ಬೇಕಾದಷ್ಟಿವೆ. ಕೋಷ್ಟಕ ನೋಡಿದ ಕೂಡಲೇ ವಿದ್ಯಾರ್ಥಿ ಸರಾಸರಿಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಲು ಹೊರಡುತ್ತಾನೆ. ಅಲ್ಲೇ ತಡೆದು ಕೇಳಬೇಕು: ಈ ನಾಯಿಗಳು ಎಲ್ಲಿಯವು? ಕೇಂದ್ರದಲ್ಲಿ ಹೊತ್ತಿಗೆ ಸರಿಯಾಗಿ ಆಹಾರ ತಿಂದು ಬೆಳೆದವೋ, ಹಳ್ಳಿಯಲ್ಲಿ ರೊಟ್ಟಿ ತಿಂದುಕೊಂಡು ಹೊಲ ಸುತ್ತುವವೋ? ಗಂಡೆಷ್ಟು, ಹೆಣ್ಣೆಷ್ಟು? ವಯಸ್ಸು ಬರೆದಿದ್ದಾರೆಯೇ? ನಾಯಿ ಸಾಕಿದ ಮನೆಯ ಹುಡುಗಿಯೊಬ್ಬಳು ತರಗತಿಯಲ್ಲಿದ್ದರೆ ಇನ್ನೂ ಒಳ್ಳೆಯ ಪ್ರಶ್ನೆ ಅವಳಿಂದಲೇ ಬರುತ್ತದೆ: ‘ಸರ್, ಇವುಗಳಲ್ಲಿ ಒಂದೇ ಸೂಲಿನ ಮರಿಗಳು ಎಷ್ಟದಾವ್ರೀ?’

ಈ ಪ್ರಶ್ನೆಗೆ ಸಂಖ್ಯಾಶಾಸ್ತ್ರದ ಒಂದು ಇಡೀ ಅಧ್ಯಾಯದ ತೂಕವಿದೆ. ಒಂದೇ ತಾಯಿಯ, ಒಂದೇ ಸೂಲಿನ ಆರು ಮರಿಗಳು ಒಂದನ್ನೊಂದು ಹೋಲುವುದು ಸಹಜ. ಅವನ್ನು ಆರು ಬೇರೆ ಬೇರೆ ಸಾಕ್ಷಿಗಳೆಂದು ಎಣಿಸಿದರೆ ಮೂವತ್ತು ಎಂಬ ಅಂಕಿ ಕಾಗದದ ಮೇಲಷ್ಟೇ ಮೂವತ್ತು. ಐದೇ ಸೂಲಿನ ಮರಿಗಳಾದರೆ ನಮ್ಮ ಕೈಯಲ್ಲಿರುವ ಸಾಕ್ಷ್ಯ ಅದಕ್ಕಿಂತ ಎಷ್ಟೋ ಸಣ್ಣದು. ಸಾಕ್ಷಿಗಳು ಪರಸ್ಪರ ಸ್ವತಂತ್ರವಾಗಿರಬೇಕೆಂಬ ನಿಯಮವನ್ನು ಸ್ನಾತಕೋತ್ತರ ತರಗತಿಯಲ್ಲಿ ಸೂತ್ರ ಬರೆದು ಕಲಿಸುತ್ತೇವೆ, ಪರೀಕ್ಷೆ ಮುಗಿದ ಮರುದಿನ ಅದು ಮರೆತುಹೋಗಿರುತ್ತದೆ. ನಾಯಿಮರಿಗಳ ಮೂಲಕ ಹೊಕ್ಕರೆ ಮರೆಯುವುದಿಲ್ಲ. ಇದೇ ಪ್ರಶ್ನೆಯನ್ನು ಆ ಹುಡುಗಿ ಮುಂದೆ ಕಬ್ಬಿನ ಪ್ರಯೋಗದ ಲೇಖನಕ್ಕೂ ಕೇಳುತ್ತಾಳೆ: ಹೊಸ ತಳಿಯ ಹತ್ತು ತಾಕುಗಳು ಒಂದೇ ಹೊಲದಲ್ಲಿದ್ದವೇ? ಆ ಹೊಲಕ್ಕೆ ಸವಳು ಹತ್ತಿತ್ತೇ? ಕೂಳೆ ಕಬ್ಬಿನ ಇಳುವರಿಯನ್ನು ಹೊಸ ನಾಟಿಯ ಇಳುವರಿಯ ಜೊತೆ ಹೋಲಿಸಿದ್ದಾರೆಯೇ?

ಲೇಖನ ಹುಡುಕುವುದೂ ಓದಿನ ಭಾಗವೇ. ಇದೇ ನಾಯಿಯನ್ನು ಕೆನೆಲ್ ಕ್ಲಬ್ ಆಫ್ ಇಂಡಿಯಾ ‘ಕ್ಯಾರವಾನ್ ಹೌಂಡ್’ ಎಂದು ದಾಖಲಿಸುತ್ತದೆ. ‘ಮುಧೋಳ’ ಎಂದಷ್ಟೇ ಹುಡುಕಿ ಈ ವಿಷಯದಲ್ಲಿ ಏನೂ ಕೆಲಸವಾಗಿಲ್ಲ ಎಂದು ಪ್ರಬಂಧದಲ್ಲಿ ಬರೆದುಬಿಡುವ ಅಪಾಯ ಇಲ್ಲಿದೆ. ‘ಇದುವರೆಗೆ ಯಾರೂ ಅಧ್ಯಯನ ಮಾಡಿಲ್ಲ’ ಎಂಬ ವಾಕ್ಯ ನಮ್ಮ ಪ್ರಬಂಧಗಳಲ್ಲಿ ಎಷ್ಟು ಅಗ್ಗವಾಗಿದೆಯೆಂದರೆ, ಅದನ್ನು ಬರೆದವರನ್ನು ಎಲ್ಲೆಲ್ಲಿ ಹುಡುಕಿದಿರಿ ಎಂದು ಕೇಳುವುದನ್ನು ಕಡ್ಡಾಯ ಮಾಡಬೇಕು.

ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಸ್ಯಾಲಿ ಹಾಸ್ಕಿನ್ಸ್ ಮತ್ತು ಸಂಗಡಿಗರು ರೂಪಿಸಿ 2007ರಲ್ಲಿ ಪ್ರಕಟಿಸಿದ ಒಂದು ಬೋಧನಾ ಕ್ರಮವಿದೆ. ಒಂದೇ ಪ್ರಯೋಗಾಲಯದಿಂದ ಒಂದರ ಹಿಂದೊಂದು ಬಂದ ಲೇಖನಗಳನ್ನು ಸಾಲಾಗಿ ಓದಿಸುತ್ತಾರೆ. ಚಿತ್ರ, ಕೋಷ್ಟಕಗಳನ್ನು ವಿದ್ಯಾರ್ಥಿಗಳೇ ಬಿಡಿಸಿ ಅರ್ಥ ಹೇಳಬೇಕು. ಒಂದು ಲೇಖನ ಮುಗಿದ ಮೇಲೆ, ಮುಂದಿನ ಪ್ರಯೋಗ ಏನಿರಬಹುದೆಂದು ತಾವೇ ಯೋಚಿಸಬೇಕು. ಆಮೇಲಷ್ಟೇ ಎರಡನೆಯ ಲೇಖನ ಕೈಗೆ ಬರುತ್ತದೆ. ಕೊನೆಗೆ ಆ ಲೇಖಕರಿಗೇ ಇ-ಮೇಲ್‌ನಲ್ಲಿ ಪ್ರಶ್ನೆ ಕಳಿಸುತ್ತಾರೆ. ಅಲ್ಲಿ ಇ-ಮೇಲ್‌ನಲ್ಲಿ ಆಗುವುದು ಇಲ್ಲಿ ಬಸ್ಸಿನಲ್ಲಿ ಹೋಗಿ ಆಗುತ್ತದೆ. ಜಮಖಂಡಿಯಿಂದ ಮುಧೋಳ ದೂರವೇನಲ್ಲ. ಲೇಖನದಲ್ಲಿ ಒಂದು ಸಾಲಾಗಿರುವ ಅಳತೆಯನ್ನು ತಿಮ್ಮಾಪುರದಲ್ಲಿ ನಿಂತು ನೋಡಿ, ಅಳೆದವರನ್ನೇ ಕೇಳಬಹುದು.

ಬರೆಯುವ ಪಾಠ ಆ ಅಳತೆಯಿಂದಲೇ ಆರಂಭವಾಗಲಿ. ನಮ್ಮಲ್ಲಿ ಎಲ್ಲರೂ ಪೀಠಿಕೆಯಿಂದ ಶುರುಮಾಡಿ ಅಲ್ಲೇ ಸಿಕ್ಕಿಬೀಳುತ್ತಾರೆ. ಬೇರೆಯವರ ವಾಕ್ಯಗಳನ್ನು ನಕಲು ಮಾಡುವ ಚಾಳಿ ಹುಟ್ಟುವುದೂ ಅಲ್ಲೇ. ತಾನು ಕೈಯಾರೆ ಮಾಡಿದ್ದು ವಿಧಾನದ ಭಾಗದಲ್ಲಿದೆ, ಮೊದಲು ಅದನ್ನು ಬರೆಯಲಿ. ‘ನಾಯಿಗಳ ಎತ್ತರವನ್ನು ಅಳೆಯಲಾಯಿತು’ ಎಂದು ವಿದ್ಯಾರ್ಥಿ ಬರೆದು ತರುತ್ತಾನೆ. ಎಲ್ಲಿಂದ ಎಲ್ಲಿಗೆ? ನೆಲದಿಂದ ಹೆಗಲಿನ ಮೇಲ್ತುದಿಗೆ. ಯಾವುದರಿಂದ? ಟೇಪಿನಿಂದ. ಟೇಪು ಮೈಯ ಉಬ್ಬುತಗ್ಗಿನ ಮೇಲೆ ಬಂತೇ, ನೇರವಾಗಿ ನಿಂತಿತ್ತೇ? ನೆಲ ಸಮವಾಗಿತ್ತೇ? ಅಪರಿಚಿತರು ಮುಟ್ಟಿದಾಗ ನಾಯಿ ಮೈ ಕುಗ್ಗಿಸಿತೇ? ಹಾಗಿದ್ದರೆ ಎಷ್ಟು ಸಲ ಅಳೆದಿರಿ? ಎಲ್ಲ ನಾಯಿಗಳನ್ನೂ ಒಬ್ಬರೇ ಅಳೆದರೇ? ಈ ಮಾತುಕತೆ ಮುಗಿಯುವ ಹೊತ್ತಿಗೆ ಒಂದು ವಾಕ್ಯ ಏಳೆಂಟು ವಾಕ್ಯವಾಗಿರುತ್ತದೆ, ಅದರಲ್ಲಿ ಒಂದೂ ನಕಲಲ್ಲ. ಇದನ್ನು ಓದಿ ಇನ್ನೊಬ್ಬರು ಇದೇ ಅಳತೆಯನ್ನು ತೆಗೆಯಬಲ್ಲರೇ ಎಂಬುದೊಂದೇ ಪರೀಕ್ಷೆ. ಅದಾದ ಮೇಲೆ ಫಲಿತಾಂಶ, ಆಮೇಲೆ ಚರ್ಚೆ, ಪೀಠಿಕೆ ಕಡೆಗೆ, ಸಾರಾಂಶ ಎಲ್ಲಕ್ಕಿಂತ ಕಡೆಗೆ.

ಈ ಮಾತುಕತೆ ಯಾವ ಭಾಷೆಯಲ್ಲಿ ನಡೆಯಬೇಕು? ಕನ್ನಡದಲ್ಲಿ, ಅನುಮಾನವೇ ಬೇಡ. ಲೇಖನ ಕೊನೆಗೆ ಇಂಗ್ಲಿಷಿನಲ್ಲೇ ಅಚ್ಚಾಗಬೇಕಲ್ಲ, ಇದು ಎರಡೆರಡು ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ಕೆಲಸ ಹೆಚ್ಚುವುದು ನಿಜ. ಆದರೆ ಇಂಗ್ಲಿಷ್ ವಾಕ್ಯದ ತಪ್ಪನ್ನು ಇನ್ನೊಬ್ಬರು ತಿದ್ದಿಕೊಡಬಹುದು, ಯೋಚನೆಯಲ್ಲೇ ಇರುವ ತೂತನ್ನು ಯಾವ ಭಾಷಾಪಂಡಿತರೂ ಮುಚ್ಚಲಾರರು. ಬಿ.ಜಿ.ಎಲ್. ಸ್ವಾಮಿಯವರು ಹಾರ್ವರ್ಡಿನ ಬೇಯ್ಲಿಯವರ ಜೊತೆಗೂಡಿ ಹೂವಿನ ಅಂಡಕೋಶದ ಉಗಮದ ಬಗ್ಗೆ 1951ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಲೇಖನ ಸಸ್ಯಶಾಸ್ತ್ರದಲ್ಲಿ ಹೆಸರಾದದ್ದು. ಅವರದೇ ‘ಹಸುರು ಹೊನ್ನು’ ಕನ್ನಡದ ಪುಸ್ತಕ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಎಲೆಯನ್ನು ತಿರುವಿ ನೋಡುವ ಕಣ್ಣು ಎರಡರಲ್ಲೂ ಒಂದೇ. ಆ ಕಣ್ಣು ಮೊದಲು ಬರಲಿ.

ಹೀಗೆ ಕಲಿಸದೆ ‘ಪ್ರಕಟಿಸಿ’ ಎಂದು ಒತ್ತಾಯ ಹೇರಿದ್ದರ ಫಲ ನಮ್ಮ ಕಣ್ಣ ಮುಂದಿದೆ. ಪಿಎಚ್‌.ಡಿ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕೆಂಬ ನಿಯಮ ಯುಜಿಸಿಯ 2016ರ ನಿಯಮಾವಳಿಯಲ್ಲಿತ್ತು, 2022ರಲ್ಲಿ ಅದನ್ನು ಕೈಬಿಟ್ಟರು. ಅಷ್ಟರಲ್ಲಿ ದುಡ್ಡು ಕಟ್ಟಿದರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳ ಅಂಗಡಿ ಬೆಳೆದುಬಿಟ್ಟಿತ್ತು. ಜಾನ್ ಬೊಹಾನನ್ ಎಂಬ ಪತ್ರಕರ್ತರು ಬೇಕೆಂದೇ ತಪ್ಪು ತುಂಬಿದ ಒಂದು ಸುಳ್ಳು ಲೇಖನವನ್ನು 304 ಪತ್ರಿಕೆಗಳಿಗೆ ಕಳಿಸಿದಾಗ 157 ಪತ್ರಿಕೆಗಳು ಒಪ್ಪಿಕೊಂಡದ್ದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿಯಾಯಿತು. ಈಗ ಚಾಟ್‌ಜಿಪಿಟಿ ಬಂದಿದೆ, ಇಲ್ಲದ ಲೇಖನಗಳ ಹೆಸರನ್ನೂ ಉಲ್ಲೇಖವಾಗಿ ಜೋಡಿಸಿಕೊಡಬಲ್ಲದು. ಪಿಎಚ್‌.ಡಿ. ಸೇರಿದವರಿಗೆ ಸಂಶೋಧನಾ ನೀತಿಯ ಎರಡು ಕ್ರೆಡಿಟ್‌ಗಳ ಕೋರ್ಸನ್ನು ಯುಜಿಸಿ ಕಡ್ಡಾಯ ಮಾಡಿದೆ. ಒಳ್ಳೆಯದೇ, ಆದರೆ ಆ ಹಂತಕ್ಕೆ ಬರುವ ಹೊತ್ತಿಗೆ ನಕಲಿನ ಅಭ್ಯಾಸ ಬೇರೂರಿರುತ್ತದೆ. ಬಿ.ಎಸ್ಸಿ.ಯ ಎರಡನೆಯ ವರ್ಷವೇ ಇದಕ್ಕೆ ಸರಿಯಾದ ಕಾಲ.

ಬಿ.ಎಸ್ಸಿ. ಹುಡುಗರಿಗೆ ಇದು ಭಾರ, ಮೊದಲು ಪಠ್ಯ ಗಟ್ಟಿಯಾಗಲಿ ಎನ್ನುವ ಅಧ್ಯಾಪಕರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ತರಗತಿಗಳ ಹೊರೆ ಅತಿಥಿ ಉಪನ್ಯಾಸಕರ ಮೇಲಿದೆ, ಸೆಮಿಸ್ಟರ್ ಓಡುತ್ತಿರುತ್ತದೆ. ಆದರೆ ಒಂದು ಸೆಮಿಸ್ಟರಿಗೆ ನಾಲ್ಕೇ ಲೇಖನ ಸಾಕು. ಜಮಖಂಡಿಯಲ್ಲಿ 2023ರಲ್ಲಿ ಶುರುವಾದ ಬಾಗಲಕೋಟೆ ವಿಶ್ವವಿದ್ಯಾಲಯದಂಥ ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಬೇಕೇ ಮುಚ್ಚಬೇಕೇ ಎಂಬ ಚರ್ಚೆ 2025ರಲ್ಲಿ ಜೋರಾಗಿ ನಡೆಯಿತು. ಕಟ್ಟಡ, ಹುದ್ದೆ, ಅನುದಾನಗಳೇ ಆ ಚರ್ಚೆಯ ತುಂಬ ಇದ್ದವು. ಈ ಪಾಠಕ್ಕೆ ಹೊಸ ಕಟ್ಟಡವೂ ಬೇಡ, ದುಬಾರಿ ಯಂತ್ರವೂ ಬೇಡ. ಬೆಂಗಳೂರಿನಿಂದ 1932ರಿಂದಲೂ ಬರುತ್ತಿರುವ ‘ಕರೆಂಟ್ ಸೈನ್ಸ್’ ಪತ್ರಿಕೆಯ ಲೇಖನಗಳು ಪುಕ್ಕಟೆಯಾಗಿ ಓದಲು ಸಿಗುತ್ತವೆ.

ಬದಲಾಗಬೇಕಾದದ್ದು ಪ್ರಶ್ನೆಪತ್ರಿಕೆ. ಪರೀಕ್ಷೆಯಲ್ಲಿ ಕೇಳದ್ದನ್ನು ನಮ್ಮಲ್ಲಿ ಯಾರೂ ಓದುವುದಿಲ್ಲ, ಅದು ವಿದ್ಯಾರ್ಥಿಗಳ ತಪ್ಪೂ ಅಲ್ಲ. ತೀರ್ಮಾನದ ಭಾಗವನ್ನು ತೆಗೆದುಹಾಕಿದ ಎರಡು ಪುಟದ ಲೇಖನವೊಂದನ್ನು ಅಚ್ಚು ಹಾಕಿ ಕೊಡಲಿ. ಈ ಕೋಷ್ಟಕದಿಂದ ಏನು ಹೇಳಬಹುದು, ಏನು ಹೇಳಬಾರದು, ಲೇಖಕರಿಗೆ ನೀವು ಕೇಳುವ ಮೂರು ಪ್ರಶ್ನೆ ಯಾವುವು ಎಂದು ಕೇಳಲಿ. ಕನ್ನಡದಲ್ಲೂ ಉತ್ತರಿಸಲು ಬಿಡಲಿ. ಇಂಥ ಉತ್ತರಕ್ಕೆ ಸಿದ್ಧ ಸ್ಕೀಮ್ ಇರುವುದಿಲ್ಲ, ಮೌಲ್ಯಮಾಪಕರು ಪ್ರತಿ ಉತ್ತರವನ್ನೂ ಓದಿ ತೂಗಬೇಕಾಗುತ್ತದೆ. ಅದಕ್ಕೆ ಬೇಕಾದ ಸಮಯವನ್ನೂ ಸಂಭಾವನೆಯನ್ನೂ ಕೊಡುವುದು ವಿಶ್ವವಿದ್ಯಾಲಯದ ಕೆಲಸ.